ದಾರಿ ಬದಿಯ ಹೊಲಗಳು

ನಿಗಡಿಗೆ ನದಿಯಿಲ್ಲ. ದಕ್ಷಿಣದ ಪವನಾ ರಾವೇತ, ಚಿಂಚವಡಗಳನ್ನು ತಾಗಿಕೊಂಡು ಹೋಗುತ್ತದೆ. ಉತ್ತರದ ಇಂದ್ರಾಯಣಿ ದೇಹು, ಆಳಂದಿಗಳ ಪಾಲು. ಎರಡರ ನಡುವಿನ ಏರುನೆಲದಲ್ಲಿ ಕೂತ ಈ ಊರಿಗೆ ಹೇಳಿಕೊಳ್ಳುವಂಥ ಕೋಟೆಯೂ ಇರಲಿಲ್ಲ, ಪೇಟೆಯೂ ಇರಲಿಲ್ಲ. ಇದ್ದದ್ದು ದಾರಿ. ಪುಣೆಯಿಂದ ವಾಯವ್ಯಕ್ಕೆ ಸುಮಾರು 20 ಕಿ.ಮೀ. ದೂರದಲ್ಲಿ, ಮುಂಬಯಿಗೆ ಹೋಗುವವರೆಲ್ಲ ದಾಟಲೇಬೇಕಾದ ದಾರಿ. ರಾಷ್ಟ್ರೀಯ ಹೆದ್ದಾರಿ 4 ಎಂದು ನಮ್ಮ ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ತುಮಕೂರಿನವರು ಬಹಳ ಕಾಲ ಕರೆದ ರಸ್ತೆ ಮುಂಬಯಿಯಿಂದ ಹೊರಟು ಘಟ್ಟ ಹತ್ತಿ ಬರುತ್ತಿದ್ದದ್ದು ಇದೇ ನಿಗಡಿಯ ಮುಂದಿನಿಂದ.

ಈ ಊರಿನ ಹೊಲಗಳ ಕಥೆಯನ್ನು ಮಳೆ-ಬೆಳೆಯ ಲೆಕ್ಕದಲ್ಲಿ ಹೇಳಿದರೆ ಅರ್ಧ ಹೇಳಿದಂತೆ. ಇಲ್ಲಿ ಜಮೀನಿನ ಬೆಲೆಯನ್ನೂ ಕೊನೆಗೆ ಅದರ ಒಡೆತನವನ್ನೂ ನಿರ್ಧರಿಸಿದ್ದು ಆ ದಾರಿಯಲ್ಲಿ ಓಡಾಡಿದ ಬೇರೆ ಊರಿನ ಜನ.

ಮೊದಲು ಕಾಲ್ನಡಿಗೆಯವರು. ಪಂಢರಪುರದ ವಾರಿ ಹಳೆಯ ಪದ್ಧತಿ. ತುಕಾರಾಮರ ಮಗ ನಾರಾಯಣ ಮಹಾರಾಜರು 1685ರಲ್ಲಿ ಅದಕ್ಕೆ ಪಾಲಕಿಯನ್ನು ಸೇರಿಸಿದರು. ಇಂದಿಗೂ ಜ್ಯೇಷ್ಠ ಬಹುಳ ಸಪ್ತಮಿಗೆ ದೇಹುವಿನಿಂದ ಹೊರಡುವ ತುಕಾರಾಮ ಪಾಲಕಿ, ಮೊದಲ ರಾತ್ರಿ ಊರಿನ ಇನಾಮದಾರ ವಾಡೆಯಲ್ಲೇ ತಂಗಿ, ಮರುದಿನ ನಿಗಡಿಯ ಮೇಲೆ ಹಾದು ಆಕುರ್ಡಿಯ ವಿಠ್ಠಲ ಮಂದಿರದಲ್ಲಿ ಬಿಡಾರ ಹೂಡುತ್ತದೆ. ಅದೇ ಹೊತ್ತಿಗೆ ಬೆಳಗಾವಿ, ವಿಜಯಪುರ ಕಡೆಯ ಹಳ್ಳಿಗಳಿಂದಲೂ ದಿಂಡಿಗಳು ತಾಳ-ಮೃದಂಗ ಹಿಡಿದು ಪಂಢರಪುರಕ್ಕೆ ಹೆಜ್ಜೆ ಹಾಕುತ್ತಿರುತ್ತವೆ. ವಾರಿಯವರಿಗೆ ಅನ್ನ, ನೀರು, ಒಂದು ರಾತ್ರಿಯ ನೆರಳು ಕೊಡುವುದು ದಾರಿ ಬದಿಯ ಊರುಗಳಿಗೆ ವರ್ಷದ ಕರ್ತವ್ಯ. ಬಿತ್ತನೆಯ ಹೊತ್ತಿಗೇ ಬರುವ ಈ ಅತಿಥಿಗಳನ್ನು ಯಾವ ರೈತನೂ ಬೇಡವೆಂದಿಲ್ಲ.

ನಿಗಡಿ ಮಾವಳ ಸೀಮೆಯ ಅಂಚು. ಪಶ್ಚಿಮಕ್ಕೆ ಲೋಣಾವಳೆಯ ಕಡೆ ಹೋದಂತೆ ಮಳೆ ಸುರಿದು ಭತ್ತದ ಗದ್ದೆಗಳು ತೊಡಗುತ್ತವೆ. ಪೂರ್ವಕ್ಕೆ ಮಳೆ ಕುಗ್ಗಿ ಜೋಳ, ಸಜ್ಜೆಯ ಬಯಲು. ಘಟ್ಟದ ಸೆರಗಿನಿಂದ ಧಾರವಾಡ ದಾಟಿ ನವಲಗುಂದದ ಕಡೆ ಇಳಿದವರಿಗೆ ಈ ಬದಲಾವಣೆ ವಿವರಿಸಿ ಹೇಳಬೇಕಾಗಿಲ್ಲ. ಊರಿನ ಏರ್ಪಾಟೂ ಅಷ್ಟೇ ಪರಿಚಿತ. ಮನೆಗಳೆಲ್ಲ ಗಾವಠಾಣದಲ್ಲಿ ಒತ್ತೊತ್ತಾಗಿ, ಹೊಲ ಸುತ್ತಲೂ. ಪಾಟೀಲ, ಕುಲಕರ್ಣಿ, ವಂಶಪರಂಪರೆಯ ಹುದ್ದೆ-ಹಕ್ಕಾದ ಅವರ ವತನ; ನಮ್ಮಲ್ಲಿ ಆಯಗಾರರೆನ್ನುವ ಬಡಿಗ, ಕಮ್ಮಾರ, ಕುಂಬಾರ, ನಾವಿಂದ, ಮಹಾರರು ಇಲ್ಲಿ ಬಲುತೇದಾರರು. ಸುಗ್ಗಿಯಲ್ಲಿ ಕಣದ ರಾಶಿಯಿಂದ ಅವರ ಪಾಲು ಎತ್ತಿಡಬೇಕು.

ಹೊಲದ ಹಕ್ಕಿನಲ್ಲಿ ಎರಡು ದರ್ಜೆ. ಮಿರಾಸದಾರ ವಂಶಪರಂಪರೆಯ ಒಡೆಯ, ಉಪರಿ ಹೊರಗಿನಿಂದ ಬಂದು ಸಾಗುವಳಿ ಮಾಡುವವ. ಬರಗಾಲಕ್ಕೆ ಊರು ಬಿಟ್ಟು ಹೋದ ಮಿರಾಸದಾರ ಎಷ್ಟೋ ವರ್ಷಗಳ ಮೇಲೆ ಮರಳಿ ಬಂದು ತನ್ನ ಹೊಲ ಕೇಳಬಹುದಿತ್ತು. ಊರೂ ಸಾಮಾನ್ಯವಾಗಿ ಕೊಡುತ್ತಿತ್ತು. ನೆಲ ಖಾಲಿ ಬಿದ್ದಿದ್ದ, ದುಡಿಯುವ ಕೈಗಳೇ ಸಾಲದಿದ್ದ ಕಾಲದ ಔದಾರ್ಯ ಅದು.

ಇನಾಮಿನ ವೈಭವ ನೋಡಬೇಕೆಂದರೆ ನೆರೆಯ ಚಿಂಚವಡಕ್ಕೆ ಹೋಗಬೇಕು. ಅಲ್ಲಿ ಸಮಾಧಿಸ್ಥನಾದ ಗಣಪತಿ ಭಕ್ತ ಮೋರ್ಯಾ ಗೋಸಾವಿಯ ಮೂಲ ಬೀದರ ಸೀಮೆ ಎಂದು ಒಂದು ಪರಂಪರೆ ಹೇಳುತ್ತದೆ. ಹುಬ್ಬಳ್ಳಿ-ಬೆಳಗಾವಿಯ ಹುಡುಗರು ಚೌತಿಯಲ್ಲಿ ಕೂಗುವ ‘ಮೋರ್ಯಾ’ ಈತನೇ ಎಂಬುದು ಪ್ರಚಲಿತ ನಂಬಿಕೆ. ಏಳು ತಲೆಮಾರು ಈ ಮನೆತನದ ಹಿರಿಯರನ್ನು ಗಣಪತಿಯ ಅಂಶವೆಂದೇ ಪೂಜಿಸಲಾಯಿತು. ಬೇರೆ ಬೇರೆ ಅರಸೊತ್ತಿಗೆಗಳು ಅವರಿಗೆ ಊರುಗಳನ್ನು ಇನಾಮು ಬಿಟ್ಟವು. 1809ರಲ್ಲಿ ಚಿಂಚವಡಕ್ಕೆ ಬಂದ ಮಾರಿಯಾ ಗ್ರಹಾಂ ಎಂಬ ಬ್ರಿಟಿಷ್ ಬರಹಗಾರ್ತಿ ಈ ‘ಜೀವಂತ ದೇವ’ನನ್ನು ಕಂಡು ತಮ್ಮ ಪ್ರವಾಸದ ದಿನಚರಿಯಲ್ಲಿ ಬರೆದಿದ್ದಾರೆ. ಭಕ್ತಿಯ ಜೊತೆಗೆ ಕಂದಾಯವೂ ಹರಿದು ಬರುತ್ತಿದ್ದ ಮನೆ ಅದು. ಲಾರೆನ್ಸ್ ಪ್ರೆಸ್ಟನ್ ಎಂಬ ಇತಿಹಾಸಕಾರ ಈ ಮನೆತನದ ಆಸ್ತಿ ಮತ್ತು ಸರಕಾರಗಳ ನಂಟಿನ ಮೇಲೆ 1989ರಲ್ಲಿ ಪೂರ್ತಿ ಪುಸ್ತಕವನ್ನೇ ಪ್ರಕಟಿಸಿದರು.

ಪೇಶ್ವೆಯ ಆಡಳಿತ 1818ರಲ್ಲಿ ಮುಗಿದು ಕಂಪನಿ ಸರಕಾರ ಬಂದಾಗ ಹೊಲ ಅಳೆಯುವವರು ಬಂದರು. ಮೊದಲು ಬಂದದ್ದು ಪ್ರಿಂಗಲ್. ಗೇಣಿಯ ಕುರಿತು ಇಂಗ್ಲೆಂಡಿನಲ್ಲಿ ರಿಕಾರ್ಡೋ ಕಟ್ಟಿದ್ದ ಅರ್ಥಶಾಸ್ತ್ರವನ್ನು ಪುಣೆ ಜಿಲ್ಲೆಯ ಕಪ್ಪು ನೆಲಕ್ಕೆ ಅನ್ವಯಿಸಿ, ಖರ್ಚು ಕಳೆದ ನಿವ್ವಳ ಹುಟ್ಟುವಳಿಯ ಮೇಲೆ ತೆರಿಗೆ ಹಾಕಲು ಹೊರಟವರು. ಕಾಗದದ ಮೇಲೆ ಸೊಗಸಾದ ಲೆಕ್ಕ. ಊರುಗಳಲ್ಲಿ ಅಳತೆ ತಪ್ಪಿತು, ಕೆಳಗಿನ ನೌಕರರು ಕೈ ಬಿಸಿ ಮಾಡಿಕೊಂಡರು, ರೈತರು ಹೊಲ ಬೀಳು ಬಿಟ್ಟು ನಿಜಾಮನ ಸೀಮೆಗೆ ನಡೆದರು. 1835ರ ಸುಮಾರಿಗೆ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಹೊಸದಾಗಿ ಶುರು ಮಾಡಿದರು. ಒಂದು ಜೋಡಿ ಎತ್ತು ಉಳಬಲ್ಲಷ್ಟು ನೆಲಕ್ಕೆ ಒಂದು ಸರ್ವೆ ನಂಬರು, ಮಣ್ಣಿನ ಗುಣಕ್ಕೆ ಆಣೆಯ ದರ್ಜೆ, ಮೂವತ್ತು ವರ್ಷಕ್ಕೆ ಒಮ್ಮೆ ಆಕಾರ. ಇದೇ ಪದ್ಧತಿ ವಿಂಗೇಟನೊಂದಿಗೆ ಧಾರವಾಡಕ್ಕೂ ಬಂತು. ಮುಂಬಯಿ ಕರ್ನಾಟಕದ ರೈತನೂ ಪುಣೆಯ ರೈತನೂ ಹೊಲದ ದಾಖಲೆಯನ್ನು ಇಂದಿಗೂ ‘ಉತಾರ’ ಎಂದೇ ಕೇಳುವುದು ಒಂದೇ ಕಚೇರಿಯ ಕೂಸುಗಳಾದ್ದರಿಂದ.

ಅಳತೆಯ ಬೆನ್ನಿಗೇ ರಸ್ತೆ. ಬೋರ ಘಾಟಿನ ಗಾಡಿ ರಸ್ತೆಯನ್ನು ಗವರ್ನರ್ ಜಾನ್ ಮಾಲ್ಕಂ 1830ರ ನವೆಂಬರಿನಲ್ಲಿ ತೆರೆದರು. ಅಲ್ಲಿಯವರೆಗೆ ಉಪ್ಪು, ಕಾಳು ಘಟ್ಟ ಹತ್ತಿ ಇಳಿಯುತ್ತಿದ್ದದ್ದು ಬಂಜಾರರ ಹೇರೆತ್ತುಗಳ ಬೆನ್ನಿನ ಮೇಲೆ. ಈಗ ಚಕ್ಕಡಿ ಸಾಕು. 1858ರ ಜೂನ್‌ನಲ್ಲಿ ಖಂಡಾಲಾದಿಂದ ಪುಣೆಗೆ ರೈಲು ಓಡಿತು. ಘಟ್ಟದ ಭಾಗ ಮುಗಿದದ್ದು 1863ರಲ್ಲಿ. ನಡುವಿನ ಐದು ವರ್ಷ ಪ್ರಯಾಣಿಕರು ಘಟ್ಟದ ಬುಡದಲ್ಲಿ ರೈಲಿನಿಂದಿಳಿದು, ಮೇನೆಯಲ್ಲೋ ತಟ್ಟುವಿನ ಮೇಲೋ ಮೇಲೇರಿ, ಮತ್ತೆ ರೈಲು ಹಿಡಿಯುತ್ತಿದ್ದರು.

ರಸ್ತೆ, ರೈಲು, ನಿಗದಿತ ಕಂದಾಯ ಇಷ್ಟೂ ಸೇರಿದಾಗ ಹೊಲಕ್ಕೆ ಬೆಲೆ ಹುಟ್ಟಿತು. ಬೆಲೆಯಿದ್ದ ವಸ್ತುವನ್ನು ಅಡವಿಡಬಹುದು. 1875ರ ಮೇ 12ರಂದು ಇದೇ ಜಿಲ್ಲೆಯ ಸುಪೆಯಲ್ಲಿ ರೈತರು ಸಾವಕಾರರ ಮನೆಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ದಖ್ಖನ ದಂಗೆ ಎಂದು ಹೆಸರಾದ ಆ ಗಲಭೆಯಿಂದಾಗಿ 1879ರಲ್ಲಿ ರೈತ ಪರಿಹಾರ ಕಾಯ್ದೆ ಬಂತು. ಸಾಲ ಮಾತ್ರ ಹೋಗಲಿಲ್ಲ.

ಈ ಸೀಮೆಯ ರೈತ ಹೇಗೆ ಬದುಕುತ್ತಿದ್ದ ಎಂಬುದಕ್ಕೆ ಅಪರೂಪದ ದಾಖಲೆಯೊಂದಿದೆ. ಪುಣೆ ಕೃಷಿ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಹೆರಾಲ್ಡ್ ಮ್ಯಾನ್ 1917ರಲ್ಲಿ ಒಂದು ಹಳ್ಳಿಯ ಅಧ್ಯಯನ ಪ್ರಕಟಿಸಿದರು. ಹಳ್ಳಿ ಪಿಂಪಳೆ ಸೌದಾಗರ, ನಿಗಡಿಯಿಂದ ಕೆಲವೇ ಮೈಲು ಕೆಳಗೆ ಪವನೆಯ ದಡದಲ್ಲಿದೆ. (ಇವತ್ತು ಅಲ್ಲಿ ಸಾಫ್ಟ್‌ವೇರಿನವರ ಗಗನಚುಂಬಿಗಳಿವೆ, ಬೆಂಗಳೂರಿನ ಮಾರತ್ತಹಳ್ಳಿಯವರಿಗೆ ಬೇರೆ ಊರೆನಿಸದು.) ಮ್ಯಾನ್ ಹಳೆಯ ದಫ್ತರಗಳನ್ನು ತಿರುವಿ ಲೆಕ್ಕ ಹಾಕಿದರು: 1771ರಲ್ಲಿ ಸರಾಸರಿ ಹಿಡುವಳಿ 40 ಎಕರೆ, 1818ಕ್ಕೆ ಹದಿನೇಳೂವರೆ, 1820-40ರ ನಡುವೆ ಸುಮಾರು 14, 1914-15ಕ್ಕೆ 7. ಅದಕ್ಕಿಂತ ಕಳವಳದ ಸಂಗತಿ ತುಂಡುಗಳದ್ದು. 156 ಹಿಡುವಳಿದಾರರ ಕೈಯಲ್ಲಿ 729 ತುಂಡುಗಳು; ಅವುಗಳಲ್ಲಿ 463 ಒಂದು ಎಕರೆಗೂ ಕಡಿಮೆ, 112 ಕಾಲು ಎಕರೆಗೂ ಕಡಿಮೆ.

ಕಾರಣ ಕೆಟ್ಟ ಮನಸ್ಸಲ್ಲ, ನ್ಯಾಯಬುದ್ಧಿಯೇ. ಹಿಸ್ಸೆ ಮಾಡುವಾಗ ಒಬ್ಬನಿಗೆ ಬಾವಿಯ ಬದಿಯದು, ಇನ್ನೊಬ್ಬನಿಗೆ ಕಲ್ಲುಮರಡಿ ಎಂದರೆ ಆಗುತ್ತದೆಯೇ? ಪ್ರತಿ ಹೊಲದಲ್ಲೂ ಪ್ರತಿ ಮಗನಿಗೂ ಪಾಲು. ಮೂರು ತಲೆಮಾರು ಕಳೆಯುವುದರೊಳಗೆ ಕೂರಿಗೆ ತಿರುಗಿಸಲೂ ಜಾಗವಿಲ್ಲ. ಮ್ಯಾನ್ ಪರೀಕ್ಷಿಸಿದ ಕುಟುಂಬಗಳಲ್ಲಿ ಬರೀ ಭೂಮಿಯನ್ನು ನಂಬಿ ನೆಟ್ಟಗೆ ಬಾಳುತ್ತಿದ್ದವು ಬೆರಳೆಣಿಕೆಯಷ್ಟು. ಇನ್ನು ಕೆಲವು ಹೊರಗಿನ ಕೂಲಿಯಿಂದ ಸರಿದೂಗಿಸಿಕೊಂಡಿದ್ದವು, ಮೂರರಲ್ಲಿ ಸುಮಾರು ಎರಡು ಪಾಲು ಅದೂ ಸಾಲದೆ ಮುಗ್ಗರಿಸುತ್ತಿದ್ದವು. ಹೊರಗಿನ ಕೂಲಿಯೆಂದರೆ ಬಹುಮಟ್ಟಿಗೆ ಖಡಕಿಯ ಮದ್ದುಗುಂಡಿನ ಕಾರ್ಖಾನೆ. ಎಂದರೆ ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಕಾರ್ಖಾನೆಗೆ ಹೋಗುವ ರೈತ ಪಿಂಪರಿ-ಚಿಂಚವಡದ ಉದ್ಯಮಗಳ ಸೃಷ್ಟಿಯಲ್ಲ. ಮೊದಲ ಮಹಾಯುದ್ಧದ ಹೊತ್ತಿಗೇ ಅವನು ದಾರಿಯಲ್ಲಿದ್ದ. ಕೈಗಾರಿಕೆ ಬಂದು ಹಳ್ಳಿ ಕೆಟ್ಟಿತು ಎಂದು ಹಾಡುವವರು ಈ ಪುಸ್ತಕವನ್ನು ಒಮ್ಮೆ ತಿರುವಿಹಾಕುವುದು ಒಳ್ಳೆಯದು.

ಮುಂದೆ ಎರಡನೇ ಮಹಾಯುದ್ಧದ ಕಾಲಕ್ಕೆ ನಿಗಡಿಯ ಮಗ್ಗುಲಿನ ದೇಹು ರೋಡ್ ಸೈನ್ಯದ ಡಿಪೋ ಆಗಿ ಬೆಳೆಯಿತು. ಡಿಪೋ ದುಡಿಮೆಯ ದಲಿತ ಕುಟುಂಬಗಳ ಆ ಊರಿಗೆ 1954ರ ಡಿಸೆಂಬರ್ 25ರಂದು ಡಾ. ಅಂಬೇಡ್ಕರರು ಬಂದು ಬುದ್ಧನ ಮೂರ್ತಿಯನ್ನು ಪ್ರತಿಷ್ಠಾಪಿಸಿದರು, ನಾಗಪುರದ ದೀಕ್ಷೆಗೆ ಸುಮಾರು ಎರಡು ವರ್ಷ ಮೊದಲು. ಹಳ್ಳಿಯ ವತನವನ್ನು ಗುಲಾಮಗಿರಿಯ ಸಂಕೋಲೆ ಎಂದು ಅವರು 1920ರ ದಶಕದಿಂದಲೇ ವಿರೋಧಿಸಿದ್ದರು. ಮಹಾರ ವತನ ಸೇರಿದಂತೆ ಕೆಳಗಿನ ವತನಗಳು ರದ್ದಾದದ್ದು 1958ರ ಕಾಯ್ದೆಯಿಂದ. ಗಾವಠಾಣದ ಅಂಚಿನಲ್ಲಿ ನಿಂತು ಕಣದ ಪಾಲಿಗೆ ಕಾಯುತ್ತಿದ್ದವರಿಗೆ ಸಂಬಳದ ದಿನ ಯಾವುದೆಂದು ಮೊದಲೇ ಗೊತ್ತಿರುವುದು ಸಣ್ಣ ಬಿಡುಗಡೆಯಲ್ಲ.

ಅದೇ 1954ರಲ್ಲಿ ಪಿಂಪರಿಯಲ್ಲಿ ಹಿಂದೂಸ್ತಾನ್ ಆ್ಯಂಟಿಬಯೋಟಿಕ್ಸ್ ಸ್ಥಾಪನೆಯಾಗಿ ಮರುವರ್ಷದಿಂದ ಪೆನಿಸಿಲಿನ್ ತಯಾರಿಸತೊಡಗಿತು. 1960ರ ದಶಕದಲ್ಲಿ ಆಕುರ್ಡಿಗೆ ಬಜಾಜ್ ಸ್ಕೂಟರು, ಪಿಂಪರಿಗೆ ಟೆಲ್ಕೊ. ಊರೂರಿನ ಐಟಿಐ, ಡಿಪ್ಲೊಮಾ ಹುಡುಗರು ಈ ದಾರಿ ಹಿಡಿದರು. ಬೆಳಗಾವಿ, ಹುಬ್ಬಳ್ಳಿ, ವಿಜಯಪುರದವರೂ. 1970ರ ಮಾರ್ಚ್‌ನಲ್ಲಿ ಪಿಂಪರಿ, ಚಿಂಚವಡ, ಆಕುರ್ಡಿ, ಭೋಸರಿ ಸೇರಿ ನಗರಸಭೆಯಾಯಿತು. 1971ರಲ್ಲಿ ಇಡೀ ಪಟ್ಟಣ ಒಂದು ಲಕ್ಷವನ್ನೂ ಮುಟ್ಟಿರಲಿಲ್ಲ. 2011ರ ಜನಗಣತಿಗೆ 17 ಲಕ್ಷ ದಾಟಿತು.

ಇಷ್ಟು ಜನಕ್ಕೆ ಮನೆ ಬೇಕಲ್ಲ. 1972ರ ಮಾರ್ಚ್‌ನಲ್ಲಿ ಪಿಂಪರಿ-ಚಿಂಚವಡ ನವನಗರ ವಿಕಾಸ ಪ್ರಾಧಿಕರಣ ಹುಟ್ಟಿತು. ನಿಗಡಿ, ಆಕುರ್ಡಿ, ಚಿಂಚವಡ, ವಾಕಡ, ರಹಾಟಣಿ, ಥೇರಗಾಂವ, ಭೋಸರಿ, ಮೋಶಿ, ಚಿಖಲಿಗಳ ಹೊಲಗಳಿಗೆ ನೋಟೀಸು ಹೋಯಿತು. ಸರ್ವೆ ನಂಬರು ಅಳಿದು ಸೆಕ್ಟರ್ ನಂಬರು ಬಂತು. ನಿಗಡಿ ಪ್ರಾಧಿಕರಣ ಇವತ್ತು ಅಗಲ ರಸ್ತೆ, ಮರದ ಸಾಲು, ಬಂಗಲೆಗಳ ಅಚ್ಚುಕಟ್ಟಾದ ಬಡಾವಣೆ. ಬಡವರಿಗೆಂದು ಬರೀ ಕಟ್ಟೆ ಕಟ್ಟಿ ಕೊಟ್ಟು ಮೇಲಿನ ಮನೆ ನೀವೇ ಏರಿಸಿಕೊಳ್ಳಿ ಎಂದ ‘ಓಟಾ ಸ್ಕೀಮ್’ ಕೂಡ ಇಲ್ಲಿಯದೇ. ಕಟ್ಟುವ ಕೈಗಳು ಬಂದದ್ದು ಸೋಲಾಪುರ, ಮರಾಠವಾಡಾ, ಕಲಬುರಗಿ, ಯಾದಗಿರಿಗಳಿಂದ. ತಮ್ಮೂರಿನ ಹೊಲ ಬೀಳು ಬಿಟ್ಟು ಬಂದು, ಬೇರೆಯವರ ಹೊಲದ ಮೇಲೆ ಮೂರನೆಯವರಿಗೆ ಮನೆ ಕಟ್ಟಿದರು.

ಹೊಲ ಕೊಟ್ಟವರಿಗೆ? ಸ್ವಾಧೀನವಾದ ಭೂಮಿಯ ಶೇ. 12.5ರಷ್ಟನ್ನು ಅಭಿವೃದ್ಧಿಪಡಿಸಿದ ನಿವೇಶನವಾಗಿ ಮರಳಿಸುವ ನೀತಿ ಬಂತು. ಆದರೆ 1972ರಿಂದ 1983ರ ನಡುವೆ, ಎಂದರೆ ಎಲ್ಲರಿಗಿಂತ ಮೊದಲು ಕೊಟ್ಟವರ ಪಾಲು ದಶಕಗಳ ಕಾಲ ಬಾಕಿಯೇ ಉಳಿಯಿತು. ಕೆಲವರು ಕಾಯದೆ, ಸ್ವಾಧೀನದ ರೇಖೆಯೊಳಗಿನ ಹೊಲವನ್ನೇ ಒಂದು ಗುಂಟೆ, ಅರ್ಧ ಗುಂಟೆ ಎಂದು ಕಾರ್ಖಾನೆಯ ಕಾರ್ಮಿಕರಿಗೆ ಮಾರಿದರು. ಕಾಗದ ಸರಿಯಿಲ್ಲ, ಮನೆ ಮಾತ್ರ ಗಟ್ಟಿ. 1917ರಲ್ಲಿ ಕಾಲು ಎಕರೆ ತುಂಡು ಕಂಡು ಬೆಚ್ಚಿದ್ದ ಮ್ಯಾನ್, ಎಕರೆಯ ನಲವತ್ತನೇ ಒಂದು ಭಾಗದಲ್ಲಿ ಮೂರಂತಸ್ತು ಎದ್ದದ್ದನ್ನು ನೋಡಿದ್ದರೆ ಏನೆನ್ನುತ್ತಿದ್ದರೋ. ಇಂಥ ಮನೆಗಳನ್ನು ಸಕ್ರಮ ಮಾಡಲು 2001ರಲ್ಲಿ ಗುಂಠೇವಾರಿ ಕಾಯ್ದೆಯನ್ನೇ ತರಬೇಕಾಯಿತು.

ನೀರಿನ ದಾರಿಯೂ ಇಲ್ಲಿಗೇ ಮುಟ್ಟುತ್ತದೆ. ಮಾವಳದ ಪವನಾ ಅಣೆಕಟ್ಟಿನಿಂದ ನಿಗಡಿಯ ಶುದ್ಧೀಕರಣ ಘಟಕಕ್ಕೆ ನೇರ ಕೊಳವೆ ಹಾಕುವ ಯೋಜನೆಯನ್ನು ಮಾವಳದ ರೈತರು ಎದುರಿಸಿದರು. ನದಿಗೇ ನೀರು ಬಿಟ್ಟರೆ ದಡದ ಹೊಲಗಳಿಗೂ ಸಿಗುತ್ತದೆ, ಕೊಳವೆಗೆ ಬಿಟ್ಟರೆ ನಗರಕ್ಕೆ ಮಾತ್ರ. 2011ರ ಆಗಸ್ಟ್ 9ರಂದು ಬಊರ್ ಬಳಿ ಎಕ್ಸ್‌ಪ್ರೆಸ್‌ ವೇ ತಡೆದು ನಿಂತವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮೂವರು ಸತ್ತರು. ಯೋಜನೆ ವರ್ಷಗಟ್ಟಲೆ ನಿಂತಿತು. ಹೆಸರಿಗಷ್ಟೇ ಉಳಿದ ನಿಗಡಿಯ ಹಳ್ಳಿಗೆ ಇದರಲ್ಲಿ ಏನೂ ಪಾತ್ರವಿರಲಿಲ್ಲ. ನಲವತ್ತು ವರ್ಷ ಹಿಂದೆ ತಾನಿದ್ದ ಜಾಗದಲ್ಲಿ ಈಗ ಮಾವಳದ ಹಳ್ಳಿಗಳು ನಿಂತಿದ್ದವು, ಅಷ್ಟೆ.

ಬಜಾಜ್ 2007ರಲ್ಲಿ ಆಕುರ್ಡಿಯಲ್ಲಿ ವಾಹನ ತಯಾರಿಕೆ ನಿಲ್ಲಿಸಿತು. ಪ್ರಾಧಿಕರಣವನ್ನೇ 2021ರಲ್ಲಿ ವಿಸರ್ಜಿಸಿ ಪುಣೆ ಮಹಾನಗರ ಪ್ರದೇಶದ ಪ್ರಾಧಿಕಾರಕ್ಕೆ ವಿಲೀನಗೊಳಿಸಲಾಯಿತು. ಪಿಂಪರಿಯಿಂದ ನಿಗಡಿಗೆ ಮೆಟ್ರೊ ವಿಸ್ತರಿಸಲು 2023ರ ಅಕ್ಟೋಬರಿನಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿತು. ಅದು ಮುಗಿಯುವ ಭಕ್ತಿ-ಶಕ್ತಿ ಚೌಕದಲ್ಲಿ ಶಿವಾಜಿ ಮತ್ತು ತುಕಾರಾಮರು ಭೇಟಿಯಾಗುವ ದೊಡ್ಡ ಶಿಲ್ಪವಿದೆ. ಪಾಲಕಿ ಇವತ್ತಿಗೂ ಅದರ ಮುಂದೆಯೇ ಹಾಯುತ್ತದೆ. ಸೆಕ್ಟರುಗಳಲ್ಲಿ ಮನೆ ಕೊಂಡವರು ಈಗ ಹೊಸ ಅರ್ಜಿ ಹಿಡಿದಿದ್ದಾರೆ. ಪ್ರಾಧಿಕರಣ ಅವರಿಗೆ ನಿವೇಶನ ಕೊಟ್ಟದ್ದು 99 ವರ್ಷದ ಗುತ್ತಿಗೆಗೆ. ಮನೆ ಮಾರಬೇಕಾದರೂ ಮಕ್ಕಳ ಹೆಸರಿಗೆ ಮಾಡಬೇಕಾದರೂ ಕಚೇರಿಯ ಅನುಮತಿ ಬೇಕು, ಶುಲ್ಕ ಬೇಕು. ಗುತ್ತಿಗೆ ತೆಗೆದು ಪೂರ್ತಿ ಒಡೆತನ ಕೊಡಿ ಎಂಬುದು ಅವರ ಬೇಡಿಕೆ. ಮೊದಲು ಹೊಲ ಕೊಟ್ಟವರ ಮಕ್ಕಳು ಶೇ. 12.5ರ ಪಾಲು ಕೇಳಿದ್ದೂ ಇದೇ ಆಡಳಿತವನ್ನು.