ಲಂಡನ್ನಿನ ಕೆಲಸ, ಹೊಸಕೋಟೆಯ ವಿಳಾಸ: ಕಂಪನಿ ಮಾಡೋದಾ, ಒಬ್ಬನೇ ಇರೋದಾ?

ಹೋದ ತಿಂಗಳು ಹೊಸಕೋಟೆಯಲ್ಲಿ ನಮ್ಮ ಸೋದರಮಾವನ ಮನೆ ಗೃಹಪ್ರವೇಶ ಇತ್ತು. ಊಟದ ಪಂಕ್ತಿಯಲ್ಲೇ ಮಾವ ಶುರು ಹಚ್ಕೊಂಡ್ರು: "ಲಂಡನ್ನೋರ ಕೆಲಸ ಮಾಡ್ತೀನಿ ಅಂತೀಯ, ಆಫೀಸಿಲ್ಲ, ಬೋರ್ಡಿಲ್ಲ. ಒಂದು ಕಂಪನಿ ಮಾಡ್ಕೊಳ್ಳೋ. ಹೆಣ್ಣು ಕೊಡೋರಿಗೆ ಏನಂತ ಹೇಳೋದು?" ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಅದೇ ವಾರ ಲಂಡನ್ನಿನ ಆ ಗ್ರಾಹಕರಿಂದ ಒಂದು ಹೊಸ ಕರಾರು ಬಂದು ಮೇಲ್‌ನಲ್ಲಿ ಕೂತಿತ್ತು. ಈವರೆಗಿನದಕ್ಕಿಂತ ದೊಡ್ಡ ಸಾಫ್ಟ್‌ವೇರ್ ಕೆಲಸ, ನಾಲ್ಕು ಜನ ಬೇಕು. ಜೊತೆಗೆ ಒಂದು ಸಾಲು: ನನ್ನ ತಪ್ಪಿನಿಂದ ಅವರಿಗೆ ಎಷ್ಟೇ ನಷ್ಟ ಆದರೂ ನಾನೇ ತುಂಬಿಕೊಡಬೇಕು.

ಫ್ರೀಲ್ಯಾನ್ಸರ್ ಅಂದ್ರೆ ಕಾನೂನಿನ ಕಣ್ಣಲ್ಲಿ ನಾನು ಬೇರೆ, ನನ್ನ ವ್ಯವಹಾರ ಬೇರೆ ಅಲ್ಲ. ಅಂದ್ರೆ ಸೂಲಿಬೆಲೆ ರಸ್ತೆಯಲ್ಲಿ ಸಾಲ ಮಾಡಿ ತಗೊಂಡ ಥರ್ಟಿ ಫಾರ್ಟಿ ಸೈಟು ಕೂಡ ಆ ಒಂದು ಸಾಲಿನೊಳಗೆ ಬಂತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಆಗ ನೆನಪಾದವನು ಲ್ಯಾವೆಲ್.

ಬೆಂಗಳೂರಿನ ಲ್ಯಾವೆಲ್ ರಸ್ತೆ ಗೊತ್ತಲ್ಲ, ಆ ಹೆಸರಿನವನೇ. ಮೈಕೆಲ್ ಫಿಟ್ಜೆರಾಲ್ಡ್ ಲ್ಯಾವೆಲ್, ಐರ್ಲೆಂಡಿನವನು. ನ್ಯೂಜಿಲೆಂಡಿನ ಯುದ್ಧದಲ್ಲಿ ಸೈನಿಕನಾಗಿದ್ದು, ನಿವೃತ್ತನಾಗಿ ಬೆಂಗಳೂರಿನ ದಂಡಿಗೆ ಬಂದು ನೆಲೆಸಿದ್ದ. ನ್ಯೂಜಿಲೆಂಡಿನಲ್ಲಿ ಚಿನ್ನದ ಗಣಿ ನೋಡಿದ್ದ, ಆ ಗುಂಗು ಬಿಟ್ಟಿರಲಿಲ್ಲ. ಇಲ್ಲಿ ಅವನ ಕಣ್ಣಿಗೆ ಬಿದ್ದಿದ್ದು ಜಾನ್ ವಾರನ್ ಅನ್ನೋ ಅಧಿಕಾರಿಯ ಹಳೇ ವರದಿ. ಟಿಪ್ಪುವಿನ ಪತನದ ನಂತರ ಮೈಸೂರಿನ ಗಡಿ ಅಳೆಯೋಕೆ ಬಂದಿದ್ದ ವಾರನ್, 1802ರಲ್ಲಿ ಕೋಲಾರದ ಕಡೆ ಹಳ್ಳಿಯವರು ಮಣ್ಣು ತೊಳೆದು ಚಿನ್ನದ ಪುಡಿ ತೆಗೆಯೋದನ್ನ ಕಣ್ಣಾರೆ ಕಂಡು ಬರೆದಿದ್ದ.

ಲ್ಯಾವೆಲ್ 1871ರಲ್ಲಿ ಎತ್ತಿನ ಗಾಡಿ ಕಟ್ಟಿಸಿಕೊಂಡು ಕೋಲಾರಕ್ಕೆ ಹೊರಟ. ಗಾಡಿ ನಮ್ಮ ಹೊಸಕೋಟೆ ಮೇಲೇ ಹೋಗಿರಬೇಕು ಅನ್ನೋದು ನನ್ನ ಊಹೆ. (ಈಗ ಅದೇ ದಾರಿಯಲ್ಲಿ ಭಾನುವಾರ ಬೆಳಗಿನ ಜಾವ ಬೆಂಗಳೂರಿನೋರು ಬಿರಿಯಾನಿಗೆ ಕ್ಯೂ ನಿಲ್ತಾರೆ, ಅದು ಬೇರೆ ಕತೆ.) ಎರಡು ವರ್ಷ ಹುಡುಕಾಡಿ, 1873ರಲ್ಲಿ ಗಣಿಗಾರಿಕೆಗೆ ಅನುಮತಿ ಕೇಳಿದ. ಆಗ ಮೈಸೂರು ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. 1875ರಲ್ಲಿ 20 ವರ್ಷಗಳ ಗುತ್ತಿಗೆ ಸಿಕ್ಕಿತು.

ಇಲ್ಲಿ ಗಮನಿಸಿ. ಗುತ್ತಿಗೆ ಇದ್ದಿದ್ದು ಒಬ್ಬ ಮನುಷ್ಯನ ಹೆಸರಲ್ಲಿ. ಪರದೇಶದಲ್ಲಿ ಸ್ವಂತ ಹೆಸರಲ್ಲಿ, ಸ್ವಂತ ದುಡ್ಡಲ್ಲಿ ಕೆಲಸ ಮಾಡೋನು ಅವನು. ನಮ್ಮ ಭಾಷೆಯಲ್ಲಿ ಅಪ್ಪಟ ಫ್ರೀಲ್ಯಾನ್ಸರ್. ಉರಿಗಾಂ ಹತ್ತಿರ ಅಗೆಸಿದ. ಕಲ್ಲು ಒಡೆಯೋದು, ನೀರು ಎತ್ತೋದು, ಕೂಲಿ ಕೊಡೋದು ಎಲ್ಲ ಒಂದೇ ಜೇಬಿಂದ. ಎರಡು ವರ್ಷದಲ್ಲಿ ಜೇಬು ಬರಿದಾಯ್ತು. 1877ರಲ್ಲಿ ತನ್ನ ಹಕ್ಕನ್ನ ಬೆರೆಸ್‌ಫೋರ್ಡ್ ಎಂಬ ಸೇನಾಧಿಕಾರಿ ಮತ್ತವನ ಜೊತೆಗಾರರಿಗೆ ಬಿಟ್ಟುಕೊಟ್ಟ. ಅವರಿಂದಲೂ ಆಗಲಿಲ್ಲ. ಕೊನೆಗೆ 1880ರಲ್ಲಿ ಲಂಡನ್ನಿನಲ್ಲಿ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ ಹುಟ್ಟಿತು. ಅದನ್ನ ನಡೆಸೋಕೆ ಬಂದಿದ್ದು ಜಾನ್ ಟೇಲರ್ ಅಂಡ್ ಸನ್ಸ್.

ಕಂಪನಿ ಅಂದ್ರೆ ಆಗ ಏನು? ಇಂಗ್ಲೆಂಡಿನಲ್ಲಿ 1855ರಲ್ಲಿ ಒಂದು ಕಾಯ್ದೆ ಬಂದಿತ್ತು: ಷೇರುದಾರ ಷೇರಿಗೆ ಎಷ್ಟು ದುಡ್ಡು ಒಪ್ಪಿದ್ದಾನೋ ಅಷ್ಟೇ ಅವನ ಹೊಣೆ, ಮನೆಮಠ ಹರಾಜಿಗೆ ಬರಲ್ಲ. ಎರಡೇ ವರ್ಷಕ್ಕೆ, 1857ರಲ್ಲಿ, ಅದೇ ತತ್ವ ಇಂಡಿಯಾಕ್ಕೂ ಬಂತು. ಈ ಬೇಲಿ ಇಲ್ಲದೆ ಸಾವಿರಾರು ಮೈಲಿ ದೂರದ, ಕಣ್ಣಲ್ಲಿ ನೋಡಿರದ ಬಂಡೆಗೆ ಯಾರು ದುಡ್ಡು ಸುರೀತಾರೆ ಹೇಳಿ?

ಹಾಗಂತ ಕಂಪನಿಯಾದ ತಕ್ಷಣ ಚಿನ್ನ ಸಿಗಲಿಲ್ಲ. 1883ರ ಹೊತ್ತಿಗೆ ಮೈಸೂರು ಕಂಪನಿಯ ಬಂಡವಾಳ ತಳ ಕಂಡಿತ್ತು. ಉಳಿದದ್ದನ್ನ ಹಂಚಿಕೊಂಡು ಬಾಗಿಲು ಹಾಕೋಣ ಅಂದ್ರು ಕೆಲವು ಷೇರುದಾರರು. ಇನ್ನೊಂದು ಸಲ ನೋಡೋಣ ಅಂತ ಒಪ್ಪಿಸಿದ್ದು ಟೇಲರ್. ಆಮೇಲೆ ಸಿಕ್ಕಿದ್ದೇ ಚಾಂಪಿಯನ್ ಲೋಡ್ ಅನ್ನೋ ಚಿನ್ನದ ಪದರ. ಕೆಜಿಎಫ್ 2001ರ ಫೆಬ್ರವರಿ 28ರವರೆಗೆ ನಡೆಯಿತು, ಆಳ 3 ಕಿಲೋಮೀಟರ್ ದಾಟಿತು, 800 ಟನ್ ಚಿನ್ನ ಬಂತು. 1883ರಲ್ಲಿ ಅದು ಒಬ್ಬನ ವ್ಯವಹಾರ ಆಗಿದ್ದಿದ್ರೆ ಸಾಲಗಾರರು ಬಾಗಿಲಿಗೆ ಬರ್ತಿದ್ರು, ಕತೆ ಅಲ್ಲಿಗೇ ಮುಗೀತಿತ್ತು ಅಂತ ನನಗನ್ನಿಸುತ್ತೆ.

ಇದೇ ಕಾಲಕ್ಕೆ ಪಕ್ಕದ ವಯನಾಡಿನಲ್ಲೂ ಚಿನ್ನ ಇದೆ ಅಂತ ಲಂಡನ್ನಿನಲ್ಲಿ ಹತ್ತಾರು ಕಂಪನಿ ನೋಂದಣಿಯಾದವು, ಷೇರು ಮಾರಾಟವಾದವು. ಕೆಲವೇ ವರ್ಷದಲ್ಲಿ ಬಹುತೇಕ ಎಲ್ಲ ಮುಳುಗಿದವು. ಬೋರ್ಡು ಇತ್ತು, ಚಿನ್ನ ಇರಲಿಲ್ಲ. ಮಾವನಿಗೆ ಇದನ್ನ ಹೇಳಬೇಕಿತ್ತು.

ಇನ್ನೊಂದು ವಿಷಯ ನನಗೆ ಚುಚ್ಚುತ್ತೆ. ಕಂಪನಿ ಎಲ್ಲಿ ನೋಂದಣಿಯಾಗಿತ್ತೋ ಲಾಭಾಂಶ ಅಲ್ಲಿಗೆ ಹೋಯ್ತು. ಚಿನ್ನ ನಮ್ಮದು, ಗಣಿಗಿಳಿದವರು ಬಹುಪಾಲು ತಮಿಳು, ತೆಲುಗು ಕೂಲಿಗಳು, ಮೈಸೂರು ಸರ್ಕಾರಕ್ಕೆ ಬಂದಿದ್ದು ಮುಖ್ಯವಾಗಿ ರಾಯಧನ. ಆ ಬೇಲಿ ಕಾಪಾಡಿದ್ದು ಷೇರುದಾರನ ಮನೆಯನ್ನ. ಕೆಳಗೆ ಬಂಡೆ ಸಿಡಿದು ಸತ್ತವನಿಗೆ ಅಂಥ ಬೇಲಿ ಇರಲಿಲ್ಲ.

ಈಗ ನನ್ನ ಲೆಕ್ಕಕ್ಕೆ ಬರ್ತೀನಿ. ಒಬ್ಬನೇ ಇದ್ರೆ ಸುಲಭ ಇದೆ. 44ಎಡಿಎ ಅಂತ ಕೇಳಿರ್ತೀರಿ, 2016ರಲ್ಲಿ ಬಂದದ್ದು. ತಾಂತ್ರಿಕ ಸಲಹೆಯಂಥ ಕೆಲವು ವೃತ್ತಿಯವರು ಆದಾಯದ ಅರ್ಧ ಲಾಭ ಅಂತ ತೋರಿಸಿ ತೆರಿಗೆ ಕಟ್ಟಬಹುದು; ನಗದು ವ್ಯವಹಾರ ಶೇ 5 ಮೀರದಿದ್ದರೆ 75 ಲಕ್ಷದವರೆಗೆ ಈ ಸೌಲಭ್ಯ ಬಂತು. ಕಂಪನಿಗೆ ಅದಿಲ್ಲ. ಒಂದು ರೂಪಾಯಿ ದುಡಿಯದ ವರ್ಷವೂ ಕಂಪನಿ ಆಡಿಟ್ ಮಾಡಿಸಬೇಕು, ವಾರ್ಷಿಕ ಲೆಕ್ಕ ಸಲ್ಲಿಸಬೇಕು, ತಡವಾದರೆ ದಿನದ ಲೆಕ್ಕದಲ್ಲಿ ಶುಲ್ಕ. 2013ರ ಕಾಯ್ದೆ ಒಬ್ಬನೇ ಸದಸ್ಯನಿರುವ ಕಂಪನಿಗೂ ಅವಕಾಶ ಕೊಟ್ಟಿದೆ, ಆದರೆ ಆಡಿಟ್ ತಪ್ಪಲ್ಲ. ಎಸ್ಟೋನಿಯಾ 2014ರಿಂದ ಹೊರದೇಶದವರಿಗೂ ಕೊಡೋ ಇ-ರೆಸಿಡೆನ್ಸಿ ತಗೊಂಡು ಮೊಬೈಲಲ್ಲೇ ಅಲ್ಲಿ ಕಂಪನಿ ತೆರೀಬಹುದು ಅಂತ ರೀಲ್ಸ್ ನೋಡ್ತೀವಲ್ಲ, ಹೊಸಕೋಟೆಯಲ್ಲೇ ಕೂತು ಮಾಡಿದರೆ ಆ ವಿದೇಶಿ ಷೇರನ್ನ ಇಲ್ಲಿನ ರಿಟರ್ನ್‌ನಲ್ಲಿ ತೋರಿಸಲೇಬೇಕು. ಮುಚ್ಚಿಟ್ಟರೆ 2015ರ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ದಂಡ ಬೀಳಬಹುದು.

ನಾನು ಮಾಡಿದ್ದಿಷ್ಟು. ಆ ಸಾಲಿನ ಬಗ್ಗೆ ಗ್ರಾಹಕರಿಗೆ ಬರೆದೆ: ನೀವು ಕೊಡುವ ಶುಲ್ಕ ಎಷ್ಟೋ ನನ್ನ ಹೊಣೆಯೂ ಅಷ್ಟಕ್ಕೇ ನಿಲ್ಲಲಿ. ಕೇಳೋಕೆ ಹೆದರಿದ್ದೆ, ಒಂದೇ ದಿನದಲ್ಲಿ ಒಪ್ಪಿದರು. ಲ್ಯಾವೆಲ್‌ಗೆ ಬೇಕಿದ್ದ ಬೇಲಿ ನನಗೆ ಈ ಕೆಲಸದ ಮಟ್ಟಿಗೆ ಒಂದು ವಾಕ್ಯದಲ್ಲಿ ಸಿಕ್ಕಿತು. ದೊಡ್ಡಬಳ್ಳಾಪುರದ ಇಬ್ಬರು, ದೇವನಹಳ್ಳಿಯ ಒಬ್ಬಳು ಈ ಕೆಲಸಕ್ಕೆ ಜೊತೆ ಸೇರಿದ್ದಾರೆ. ಆರು ತಿಂಗಳಾದ ಮೇಲೂ ನಾಲ್ವರೂ ಒಟ್ಟಿಗಿದ್ದರೆ, ಪಾಲು ಯಾರದೆಷ್ಟು ಅಂತ ಬರೆದುಕೊಂಡು, ಆಗ ಕಂಪನಿ.

ಮೊನ್ನೆ ಮಾವ ಫೋನ್ ಮಾಡಿದ್ರು. "ಬೋರ್ಡು ಬರೆಸಿದ್ಯೇನೋ?" ಇನ್ನೂ ಇಲ್ಲ ಮಾವ ಅಂದೆ.