ಯಾವ ಕೀರ್ತಿವರ್ಮ?

ಹಾನಗಲ್ ತಾಲೂಕಿನ ಆಡೂರಿನ ಶಾಸನಪಾಠವನ್ನು ಕಳೆದ ತಿಂಗಳು ಕಂಪ್ಯೂಟರಿಗೆ ಓದಿಸಿದೆ. ನನ್ನ ಪಿಎಚ್.ಡಿ.ಗೆ ಬಾದಾಮಿ ಚಾಲುಕ್ಯರ ಕಾಲದ ವ್ಯಕ್ತಿ, ಊರು, ಬಸದಿಗಳ ಹೆಸರುಗಳ ಪಟ್ಟಿ ಬೇಕಿತ್ತು. ಒಂದೊಂದೇ ಶಾಸನ ಓದಿ ಕೈಯಲ್ಲಿ ಬರೆದುಕೊಳ್ಳುವಷ್ಟು ಸಮಯವಿರಲಿಲ್ಲ. ಪಠ್ಯದಿಂದ ಹೀಗೆ ಹೆಸರು ಹೆಕ್ಕುವುದು ‘ನೇಮ್ಡ್ ಎಂಟಿಟಿ’ ಎಂಬ ಹೆಸರಿನಲ್ಲಿ 1995ರಿಂದ ಕಂಪ್ಯೂಟರ್ ವಿಜ್ಞಾನದ ಒಂದು ವಿಷಯವೇ ಆಗಿದೆ.

ನಾನು ಬಳಸಿದ್ದು ಸ್ಪೇಸಿ ಎಂಬ ಪೈಥಾನ್ ಲೈಬ್ರರಿ. ಇಂಗ್ಲಿಷಿಗೆ ಅದರಲ್ಲಿ ಸಿದ್ಧ ಮಾದರಿಗಳಿವೆ. ಕನ್ನಡಕ್ಕೆ ಪದ ಬಿಡಿಸುವ ಸೌಲಭ್ಯವಷ್ಟೇ. ನಿಯಮಗಳನ್ನು ನಾನೇ ಬರೆದೆ: ‘ಅರಸ’, ‘ಗಾಮುಂಡ’ ಎಂದು ಮುಗಿದರೆ ವ್ಯಕ್ತಿ, ‘ಪುರ’ ಎಂದು ಮುಗಿದರೆ ಸ್ಥಳ. ಮಾಧವತ್ತಿಯರಸ, ಧರ್ಮಗಾಮುಂಡ, ಪಾಂಡೀಪುರ ಸಲೀಸಾಗಿ ಸಿಕ್ಕವು. (ಈ ಗಾಮುಂಡನೇ ಗಾವುಂಡನಾಗಿ, ಈಗ ನಮ್ಮೂರ ಗೌಡನಾಗಿದ್ದಾನೆ.) ವಿಭಕ್ತಿ ಪ್ರತ್ಯಯ ಅಂಟಿದ ರೂಪಗಳು ಮಾತ್ರ ಕೈಗೆ ಸಿಗದೆ ಕಾಡಿದವು.

ನಿಜವಾಗಿ ಎಡವಿದ್ದು ಕೀರ್ತಿವರ್ಮನಲ್ಲಿ. ಚಾಲುಕ್ಯರಲ್ಲಿ ಆ ಹೆಸರಿನವರು ಇಬ್ಬರು. ಒಬ್ಬ ಇಮ್ಮಡಿ ಪುಲಕೇಶಿಯ ತಂದೆ, ಆರನೆಯ ಶತಮಾನದವನು. ಇನ್ನೊಬ್ಬ ಎಂಟನೆಯ ಶತಮಾನದ ನಡುವೆ ರಾಷ್ಟ್ರಕೂಟರಿಗೆ ರಾಜ್ಯ ಕಳೆದುಕೊಂಡ ಕೊನೆಯ ಅರಸ. ಪ್ರೋಗ್ರಾಂ ಇಬ್ಬರನ್ನೂ ಒಂದೇ ಸಾಲಿಗೆ ಹಾಕಿತು. ಅದನ್ನು ಬೈಯುವುದು ಹೇಗೆ? ಫ್ಲೀಟ್ ಪ್ರಕಟಿಸಿದ ಆಡೂರು ಶಾಸನವನ್ನು ಕೆಲವು ಪುಸ್ತಕಗಳು ಮೊದಲನೆಯವನದೆಂದೂ ಕೆಲವು ಎರಡನೆಯವನದೆಂದೂ ಹೇಳುತ್ತವೆ. ಮೊದಲನೆಯವನದಾದರೆ ಅದು ಬಾದಾಮಿಯ ಗುಹೆಯಲ್ಲಿರುವ ಮಂಗಳೇಶನ ಕನ್ನಡ ಶಾಸನದ ಸಮಕಾಲೀನ, ಅಂದರೆ ನಮ್ಮ ಅತಿ ಹಳೆಯ ಕನ್ನಡದ ಸಾಲಿನಲ್ಲಿ ಅದಕ್ಕೂ ಒಂದು ಜಾಗ. ಎರಡನೆಯವನದಾದರೆ ಒಂದೂವರೆ ಶತಮಾನಕ್ಕಿಂತ ಈಚಿನದು. ನನಗೆ ಎರಡನೆಯ ಪಕ್ಷವೇ ಸರಿ ಎನಿಸುತ್ತದೆ.

ಇನ್ನೊಂದು ಎಡವಟ್ಟು ನನ್ನದೇ. ಇಂಗ್ಲಿಷ್ ಲೇಖನಗಳಿಂದ ತೆಗೆದ ಪಟ್ಟಿಯನ್ನೂ ಸೇರಿಸಿ ನಕ್ಷೆ ಮಾಡಿದೆ. ಕಾಸರಗೋಡಿನಲ್ಲಿ ಅಡೂರು ಇದೆ. ಅಲ್ಲಿನ ಮಹಾಲಿಂಗೇಶ್ವರ ದೇವಸ್ಥಾನದಲ್ಲೂ ಇಮ್ಮಡಿ ಕೀರ್ತಿವರ್ಮನ ಕಾಲದ್ದೆನ್ನುವ ಶಾಸನವಿದೆ! ಕನ್ನಡದಲ್ಲಿ ಅ, ಆ ಎಂಬ ವ್ಯತ್ಯಾಸವಾದರೂ ಉಂಟು. ರೋಮನ್ ಲಿಪಿಯಲ್ಲಿ ಅದೂ ಅಳಿಸಿಹೋಗುತ್ತದೆ. ಹಾನಗಲ್ಲಿನ ಜಿನಾಲಯ ಕಾಸರಗೋಡಿನಲ್ಲಿ ಚುಕ್ಕೆಯಾಗಿ ಕೂತಿತ್ತು. ನಾನು ಅದನ್ನು ಗಮನಿಸದೆ ಒಂದು ವಿಚಾರಸಂಕಿರಣದಲ್ಲಿ ತೋರಿಸಿಯೂಬಿಟ್ಟೆ.

ಈಗ ಪಟ್ಟಿಯಲ್ಲಿ ಪ್ರತಿ ಹೆಸರಿನ ಪಕ್ಕ ತಾಲೂಕು, ಅರಸನ ಕ್ರಮಾಂಕ, ಆ ಕ್ರಮಾಂಕ ಕೊಟ್ಟವರು ಯಾರು ಎಂಬ ಮೂರು ಕಾಲಂ ಸೇರಿಸಿದ್ದೇನೆ. ಮೂರನ್ನೂ ಕೈಯಲ್ಲೇ ತುಂಬುತ್ತಿದ್ದೇನೆ.