ಕಲ್ಲಿನಲ್ಲಿ ಹೆಸರು, ತಂತ್ರಾಂಶಕ್ಕೂ ಹೆಸರು

ಹುನಗುಂದ ತಾಲ್ಲೂಕಿನ ಐಹೊಳೆಗೆ ಹೋದರೆ ಮೇಗುತಿ ಗುಡ್ಡವನ್ನು ಹತ್ತದೆ ಬರಬೇಡಿ. ಅಲ್ಲಿನ ಜಿನಾಲಯದ ಗೋಡೆಯಲ್ಲಿ ಇಮ್ಮಡಿ ಪುಲಕೇಶಿಯ ಪ್ರಶಸ್ತಿ ಶಾಸನವಿದೆ. ಬರೆದವನು ರವಿಕೀರ್ತಿ. ಕಾಲ ಶಕವರ್ಷ 556, ಅಂದರೆ ಕ್ರಿ.ಶ. 634. ರವಿಕೀರ್ತಿ ತನ್ನನ್ನು ಕಾಳಿದಾಸ ಮತ್ತು ಭಾರವಿಯರಿಗೆ ಹೋಲಿಸಿಕೊಂಡಿದ್ದಾನೆ. ಆ ಕವಿಗಳು 634ಕ್ಕೆ ಮೊದಲೇ ಪ್ರಸಿದ್ಧರಾಗಿದ್ದರೆಂದು ಹೇಳಲು ಇತಿಹಾಸಕಾರರಿಗೆ ಇದೊಂದು ಮುಖ್ಯ ಆಧಾರ. ಹೆಸರು ಮತ್ತು ಕಾಲ ಎರಡನ್ನೂ ಬರೆದಿಟ್ಟದ್ದರ ಫಲವಿದು.

ಅದೇ ಊರಿನ ಲಾಡಖಾನ ಗುಡಿಯನ್ನು ನೋಡಿ. ಹಿಂದಿನ ವಿದ್ವಾಂಸರು ಅದನ್ನು 5ನೆಯ ಶತಮಾನದ್ದೆಂದರು. ನಂತರದವರು 7-8ನೆಯ ಶತಮಾನಕ್ಕೆ ತಂದರು. ಕಟ್ಟಿಸಿದ ಕಾಲವನ್ನು ಹೇಳುವ ದಾಖಲೆ ಇಲ್ಲದ್ದರಿಂದ ಈ ಚರ್ಚೆ. ಕಟ್ಟಿದವನ ಹೆಸರು ಉಳಿಯಲಿಲ್ಲ. ಎಷ್ಟೋ ಕಾಲದ ಮೇಲೆ ಅಲ್ಲಿ ವಾಸವಾಗಿದ್ದವನ ಹೆಸರು ಗುಡಿಗೆ ಅಂಟಿತು. ಬಾದಾಮಿ ತಾಲ್ಲೂಕಿನ ಪಟ್ಟದಕಲ್ಲಿನಲ್ಲಿ ಹಾಗಾಗಲಿಲ್ಲ. ವಿರೂಪಾಕ್ಷ ದೇವಾಲಯದ ಶಾಸನ, ಕಟ್ಟಿಸಿದ ರಾಣಿ ಲೋಕಮಹಾದೇವಿಯ ಜೊತೆಗೆ ಸೂತ್ರಧಾರಿ ಗುಂಡ ಅನಿವಾರಿತಾಚಾರಿಯನ್ನೂ ಹೆಸರಿಸುತ್ತದೆ.

ಇಂದಿನ ವಿಜ್ಞಾನದಲ್ಲಿ ಈ ಸೂತ್ರಧಾರಿಯ ಸ್ಥಾನದಲ್ಲಿ ಅನೇಕ ವೇಳೆ ತಂತ್ರಾಂಶವಿರುತ್ತದೆ. ಬಾಗಲಕೋಟೆಯಲ್ಲಿ ದಾಳಿಂಬೆ ತಳಿಗಳನ್ನು ಹೋಲಿಸುವ ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳಿ. ಯಾವ ತಳಿ ಯಾವ ಮಡಿಗೆ ಎಂಬುದನ್ನು ಆಕೆ 'ಆರ್' ಎಂಬ ಸಂಖ್ಯಾಶಾಸ್ತ್ರ ತಂತ್ರಾಂಶದಿಂದ ಯಾದೃಚ್ಛಿಕವಾಗಿ ಆರಿಸುತ್ತಾಳೆ. ನ್ಯೂಜಿಲೆಂಡಿನಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜಂಟಲ್‌ಮನ್ ಆರಂಭಿಸಿದ ಈ ತಂತ್ರಾಂಶದ 1.0.0 ಆವೃತ್ತಿ 2000ದಲ್ಲಿ ಬಂದಿತು. 2019ರ 3.6.0 ಆವೃತ್ತಿಯಲ್ಲಿ ಯಾದೃಚ್ಛಿಕ ಆಯ್ಕೆಯ ವಿಧಾನವನ್ನೇ ಬದಲಿಸಲಾಯಿತು. ಹೀಗಾಗಿ ಅದೇ ಆರಂಭಿಕ ಸಂಖ್ಯೆಯನ್ನು ಕೊಟ್ಟರೂ ಹಳೆಯ ಮತ್ತು ಹೊಸ ಆವೃತ್ತಿಗಳ ಆಯ್ಕೆ ಬೇರೆಯಾಗಬಹುದು. "ಗಣಕದಿಂದ ಆರಿಸಲಾಯಿತು" ಎಂದಷ್ಟೇ ಬರೆದರೆ ಆಕೆಯ ಕೆಲಸವನ್ನು ಮರುಪರೀಕ್ಷಿಸುವವರು ಏನು ಮಾಡಬೇಕು?

ಇದು ಬರಿಯ ಊಹೆಯ ತೊಂದರೆಯಲ್ಲ. ರಸಾಯನ ವಿಜ್ಞಾನಿಗಳು ಬಳಸುತ್ತಿದ್ದ, 2014ರಲ್ಲಿ ಪ್ರಕಟವಾದ ಒಂದು ಪೈಥಾನ್ ಕ್ರಮವಿಧಿ ಬೇರೆ ಬೇರೆ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಬೇರೆ ಬೇರೆ ಉತ್ತರ ಕೊಡುತ್ತದೆಂದು 2019ರಲ್ಲಿ ಹವಾಯಿ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು. ಕಡತಗಳನ್ನು ಓದುವ ಅನುಕ್ರಮ ಎಲ್ಲ ಕಡೆಯೂ ಒಂದೇ ಎಂದು ಅದು ನಂಬಿತ್ತು. ಮೂಲ ಲೇಖನವನ್ನು ನೂರಕ್ಕೂ ಹೆಚ್ಚು ಪ್ರಬಂಧಗಳು ಉಲ್ಲೇಖಿಸಿದ್ದವು. ಆದ್ದರಿಂದಲೇ ಯಾವುದನ್ನು ಮತ್ತೆ ಪರಿಶೀಲಿಸಬೇಕೆಂದು ತಿಳಿಯುವುದು ಸಾಧ್ಯವಾಯಿತು. ಹೆಸರು ಹೇಳದೆ ಬಳಸಿದವರ ತಪ್ಪನ್ನು ಹುಡುಕುವುದು ಹೇಗೆ?

ತಂತ್ರಾಂಶವನ್ನು ಪುಸ್ತಕ, ಪ್ರಬಂಧಗಳಂತೆಯೇ ಆಕರಗಳ ಪಟ್ಟಿಯಲ್ಲಿ ಸೇರಿಸಬೇಕೆಂಬ ತತ್ತ್ವಗಳನ್ನು 2016ರಲ್ಲಿ ಫೋರ್ಸ್11 ಎಂಬ ಅಂತರರಾಷ್ಟ್ರೀಯ ಸಮುದಾಯದ ಕಾರ್ಯತಂಡ ಪ್ರಕಟಿಸಿತು. ನೀವು ಬರೆಯಬೇಕಾದ್ದು ಇಷ್ಟೆ: ತಂತ್ರಾಂಶದ ಹೆಸರು, ರಚಿಸಿದವರು, ಆವೃತ್ತಿ, ವರ್ಷ, ದೊರೆಯುವ ಸ್ಥಳ, ಡಿಓಐ ಎಂಬ ಶಾಶ್ವತ ಗುರುತು ಇದ್ದರೆ ಅದೂ. 'ಆರ್' ಬಳಸುವವರಿಗೆ ಇದು ಇನ್ನೂ ಸುಲಭ. 'ಸೈಟೇಷನ್' ಎಂಬ ಆದೇಶ ಕೊಟ್ಟರೆ ಹೇಗೆ ಉಲ್ಲೇಖಿಸಬೇಕೆಂದು ಅದೇ ತಿಳಿಸುತ್ತದೆ.

ಉಪಾಧ್ಯಾಯರೇ, ಇಳಕಲ್ಲಿನ ಶಾಲೆಯಿರಲಿ, ಬಾಗಲಕೋಟೆಯ ಕಾಲೇಜಿರಲಿ, ಮಕ್ಕಳ ಯೋಜನಾ ವರದಿಯಿಂದಲೇ ಈ ಅಭ್ಯಾಸವನ್ನು ಆರಂಭಿಸಿ. ತಂತ್ರಾಂಶ ಬರೆದವರಿಗೆ ಸಲ್ಲಬೇಕಾದ ಗೌರವ ಸಲ್ಲುತ್ತದೆ. ಮುಂದೆ ಪರೀಕ್ಷಿಸುವವರಿಗೆ ದಾರಿಯೂ ಉಳಿಯುತ್ತದೆ. ಹೆಸರಿಲ್ಲದ ಗುಡಿ ನೂರಾರು ವರ್ಷ ನಿಂತೀತು. ಪರೀಕ್ಷಿಸಲಾಗದ ಫಲಿತಾಂಶ ವಿಜ್ಞಾನದಲ್ಲಿ ನಿಲ್ಲದು.